ನನ್ನ ಹೆಸರಿನಲ್ಲಿ ಆಡಿದವನು

ಹೆಂಡತಿ ನನಗಿಂತ ಚೆನ್ನಾಗಿ ಆಡುತ್ತಾಳೆ ಎಂದು ಒಪ್ಪಿಕೊಳ್ಳಲು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಗ ನಾನು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದೆ, ವಾರವಿಡೀ ಅಲ್ಲೇ ರೂಮು. ಅವಳು ರಿಪ್ಪನ್‌ಪೇಟೆಯಲ್ಲಿ ಹೊಲಿಗೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಸಂಜೆ ನಾವು ಭೇಟಿಯಾಗುತ್ತಿದ್ದುದು ಮೊಬೈಲಿನ ಬಂದೂಕಿನಾಟದಲ್ಲಿ. ರೂಮಿನಲ್ಲಿ ಇನ್ನೊಬ್ಬರಿದ್ದುದರಿಂದ ಮೈಕ್ ಹಾಕುತ್ತಿರಲಿಲ್ಲ. ಮಾತೇನಿದ್ದರೂ ಆಟ ಮುಗಿದ ಮೇಲೆ, ಹೊರಗೆ ಬಂದು ಫೋನಿನಲ್ಲಿ.

ನಮ್ಮದೊಂದು ಪದ್ಧತಿಯಿತ್ತು. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ ಹಾಗೆ, ಆಟದಲ್ಲಿ ಕೈಗೆ ಸಿಕ್ಕ ಮೊದಲ ಔಷಧಿ ಪೆಟ್ಟಿಗೆಯನ್ನು ನಾನು ಅವಳ ಮುಂದಿಡುತ್ತಿದ್ದೆ. ಗಾಯವಾಗಿರಲಿ ಬಿಡಲಿ, ಅವಳು ಅದನ್ನು ಎತ್ತಿಕೊಂಡು ಎರಡು ಸಲ ಕುಪ್ಪಳಿಸುತ್ತಿದ್ದಳು. ಆ ಕುಪ್ಪಳಿಕೆಗೆಂದೇ ನಾನು ದಿನವಿಡೀ ಕಾಯುತ್ತಿದ್ದೆ.

ಆಮೇಲೆ ಅವಳ ರ‍್ಯಾಂಕ್ ಏರಿತು, ನನ್ನದು ಇದ್ದಲ್ಲೇ ಉಳಿಯಿತು. ಅಂತರ ಹೆಚ್ಚಾದರೆ ಆ ಆಟ ಇಬ್ಬರನ್ನು ಒಂದೇ ತಂಡಕ್ಕೆ ಸೇರಿಸುವುದಿಲ್ಲ. ಅವಳು ಯಾವ್ಯಾವುದೋ ಊರಿನ ಹುಡುಗರ ಜೊತೆ ಆಡತೊಡಗಿದಳು. ಅವರು ಹೊಗಳಿ ಬರೆದದ್ದನ್ನು ರಾತ್ರಿ ನನಗೇ ಓದಿ ಹೇಳುತ್ತಿದ್ದಳು ಬೇರೆ!

ದುಡ್ಡು ಕೊಟ್ಟರೆ ರ‍್ಯಾಂಕ್ ಏರಿಸಿಕೊಡುವವನೊಬ್ಬ ಆನ್‌ಲೈನಿನಲ್ಲಿ ಸಿಕ್ಕಿದ. ಐಡಿ, ಪಾಸ್‌ವರ್ಡ್, ಕೊನೆಗೆ ಒಟಿಪಿ, ಕೇಳಿದ್ದೆಲ್ಲ ಕೊಟ್ಟೆ. ಹೇಳಿದಂತೆ ಏರಿಸತೊಡಗಿದ. ಏರಿದ್ದನ್ನು ಕಂಡು, ನಾನೇ ಎಂದುಕೊಂಡು ಇವಳು ತಂಡಕ್ಕೆ ಕರೆದಳು. ಆ ಪುಣ್ಯಾತ್ಮ ಹೋಗಿಯೂ ಬಿಟ್ಟ.

"ಎಂತ ಆಟ ಮಾರಾಯ್ರೆ ಇವತ್ತು! ನೀವೇನಾ ಅನ್ನಿಸ್ತು," ಎಂದಳು ಫೋನಿನಲ್ಲಿ. "ಆದ್ರೆ ಬೆಲ್ಲ-ನೀರೇ ಕೊಟ್ಟಿಲ್ಲಲ್ಲ. ಮರ್ತೇ ಹೋಯ್ತಾ?"

ಸಿಕ್ಕಿಬೀಳಬಾರದೆಂದು ತಕ್ಷಣ ಅವನಿಗೆ ಮೆಸೇಜು ಹಾಕಿದೆ: ಇವಳು ಆಟಕ್ಕೆ ಬಂದರೆ ಮೊದಲ ಪೆಟ್ಟಿಗೆ ಇವಳ ಮುಂದಿಡು. ನಾನೇ ಕೈಯಾರೆ ಕಲಿಸಿದೆ. ಮಾರನೆಯ ಸಂಜೆಯಿಂದ ಅವನು ಒಮ್ಮೆಯೂ ತಪ್ಪಿಸಲಿಲ್ಲ, ಇವಳು ಹೊಗಳುವುದನ್ನೂ ನಿಲ್ಲಿಸಲಿಲ್ಲ. ಹೊಗಳಿಕೆ ನನಗೆ, ಆಟ ಅವನದು. ರೂಮಿನಲ್ಲಿ ಬಿದ್ದುಕೊಂಡು, ಈಗ ಕುಪ್ಪಳಿಸುತ್ತಿರಬಹುದು ಎಂದುಕೊಂಡರೆ ಊಟ ಸೇರುತ್ತಿರಲಿಲ್ಲ.

ಇನ್ನು ಸಾಕು ಎಂದು ಬರೆದೆ. ಅವನು ಪಾಸ್‌ವರ್ಡ್ ಬದಲಿಸಿ ನನ್ನನ್ನೇ ಬ್ಲಾಕ್ ಮಾಡಿದ. ಆಟದ ಕಂಪನಿಗೆ ದೂರು ಕೊಟ್ಟರೆ, ನೀವಾಗಿಯೇ ಬೇರೆಯವರಿಗೆ ಕೊಟ್ಟ ಖಾತೆಗೆ ನಾವು ಹೊಣೆಯಲ್ಲ ಎಂಬ ಉತ್ತರ ಬಂತು.

ಶನಿವಾರ ಬಸ್ಸು ಹತ್ತಿ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಮೊಬೈಲ್ ತೆಗೆದು ಆಟ ತೆರೆದಳು. ನನ್ನ ಹೆಸರು ಅವಳನ್ನು ತಂಡಕ್ಕೆ ಕರೆಯುತ್ತಿತ್ತು.

"ಕಾಂಬ, ಎಂತ ಮಾಡ್ತಾನೆ ಅಂತ," ಎಂದು ಆಟದೊಳಗೆ ಹೋದಳು.

ನಾನು ಪಕ್ಕದಲ್ಲೇ ಕೂತು ನೋಡಿದೆ. ಅವನು ಓಡೋಡಿ ಬಂದು ಪೆಟ್ಟಿಗೆಯನ್ನು ಅವಳ ಮುಂದಿಟ್ಟ.

"ಬ್ಲಾಕ್ ಮಾಡು," ಎಂದೆ.

ಪರದೆಯ ಮೇಲೆ ಅವಳ ಗೊಂಬೆ ಪೆಟ್ಟಿಗೆ ಎತ್ತಿಕೊಂಡು ಎರಡು ಸಲ ಕುಪ್ಪಳಿಸಿತು.

"ಮಾಡ್ತೀನಿ, ತಡೀರಿ," ಎಂದಳು ತಲೆ ಎತ್ತದೆ. "ಇದೊಂದು ಆಟ ಮುಗೀಲಿ."