ಜೋರಿನ ಹೆಂಗಸು

ಎರ್ಮಾಳಿನ ಸುಂದರಿ ಪಡುಬಿದ್ರಿ ಮಾರ್ಕೆಟ್ಟಿನಲ್ಲಿ ಮೀನು ಮಾರತೊಡಗಿ ಮೂವತ್ತು ವರ್ಷ, ಸಿನಿಮಾಕ್ಕೆ ಬಂದು ಒಂಬತ್ತು ವರ್ಷ. ಮೀನು ಮಾರದಿದ್ದರೆ ಸಿನಿಮಾವೂ ಇರುತ್ತಿರಲಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಸಿ, ಮುಖ ಸಿಂಡರಿಸಿ ವಾಪಸು ಎಸೆದ ಗಿರಾಕಿಯೊಬ್ಬನಿಗೆ ಆಕೆ ಒಂದು ದಿನ ಬೈದಳು. ಪಕ್ಕದಲ್ಲೇ ನಿಂತಿದ್ದ ತುಳು ಸಿನಿಮಾದವರೊಬ್ಬರು ಅದನ್ನು ಕೇಳಿ ಮರುವಾರವೇ ಮನೆ ಹುಡುಕಿಕೊಂಡು ಬಂದರು. ಬೈದ ದಿನ ಆಕೆಗೆ ವಿಪರೀತ ಬೆನ್ನುನೋವಿತ್ತು, ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಜೋರಿನ ಹೆಂಗಸು ಎಂಬ ಹೆಸರು ಮಾತ್ರ ಅಂಟಿಕೊಂಡಿತು.

ಅಲ್ಲಿಂದ ಹದಿನಾಲ್ಕು ಸಿನಿಮಾ, ಎಲ್ಲದರಲ್ಲೂ ಒಂದೇ ಪಾತ್ರ. ಹಣೆ ತುಂಬ ಕುಂಕುಮ, ಜರಿಸೀರೆ, ಬಾಯಿ ತುಂಬ ಎಲೆಯಡಿಕೆ, ಕೂರಲು ಎತ್ತರದ ಕುರ್ಚಿ. ಕಾಲಬುಡದಲ್ಲಿ ಗಂಡ. ಈ ಗಂಡ ಯಾವಾಗಲೂ ಕಾರ್ಕಳದ ಸ್ಟ್ಯಾನಿಸ್ಲಾಸ್. ನಿವೃತ್ತ ಮೇಷ್ಟ್ರು, ಸಣಕಲು ದೇಹದ ಸಾಧು ಮನುಷ್ಯ. ಅವರನ್ನು ಒದೆಯಬೇಕು, ಬೀಳಿಸಿ ಎದೆಯ ಮೇಲೆ ಕಾಲಿಡಬೇಕು. ಕೊನೆಯ ಹತ್ತು ನಿಮಿಷದಲ್ಲಿ ಹೀರೋ ಬಂದು ಆಕೆಯ ಕೆನ್ನೆಗೊಂದು ಬಿಗಿಯಬೇಕು, ಆಕೆಗೆ ಬುದ್ಧಿ ಬರಬೇಕು, ಸೆರಗು ಹೊದ್ದು ಅಡುಗೆಮನೆಗೆ ಹೋಗಬೇಕು. ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತಿದ್ದುದು ಆಗಲೇ. ಎರಡು ಗಂಟೆ ತನ್ನನ್ನು ಮೆರೆಸುವುದು ಆ ಒಂದು ಪೆಟ್ಟಿಗಾಗಿ ಎಂಬುದು ಸುಂದರಿಗೆ ಮೂರನೇ ಸಿನಿಮಾದ ಹೊತ್ತಿಗೇ ಗೊತ್ತಾಗಿಹೋಗಿತ್ತು.

ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸುಂದರಿ ಅದನ್ನು ಶೂಟಿಂಗಿನಲ್ಲೂ ಬಿಡಲಿಲ್ಲ. ಒಂದೊಂದು ಟೇಕ್ ಮುಗಿದಾಗಲೂ ಬಗ್ಗಿ ಸ್ಟ್ಯಾನಿಸ್ಲಾಸರ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಹನ್ನೆರಡು ಟೇಕ್ ಆದರೆ ಹನ್ನೆರಡು ಸಲ. “ಕಟ್ ಹೇಳುವ ಮೊದಲೇ ಬಗ್ಗಬೇಡಿ ಮಾರಾಯ್ರೆ!” ಎಂದು ಡೈರೆಕ್ಟರುಗಳು ತಲೆ ಚಚ್ಚಿಕೊಳ್ಳುತ್ತಿದ್ದರು. “ನನಗೆ ಎಂತದೂ ಆಗಲಿಲ್ಲ ಸುಂದರಕ್ಕ, ಬಿಡಿ” ಎಂದು ಮೇಷ್ಟ್ರು ಧೂಳು ಕೊಡವಿಕೊಂಡು ಏಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಸೊಸೆ ಸೌಮ್ಯಶ್ರೀ ಮೊಬೈಲು ಹಿಡಿದುಕೊಂಡು ಬಂದು ಬಾಗಿಲ ಬಳಿ ನಿಂತಳು. ಮಣಿಪಾಲದಲ್ಲಿ ನರ್ಸು, ಎಂಥದ್ದಕ್ಕೂ ಅಂಜುವ ಹುಡುಗಿಯಲ್ಲ. ಅಂದು ಮಾತ್ರ ಒಳಗೆ ಬರಲು ಹಿಂದೆಮುಂದೆ ನೋಡಿದಳು.

“ಅತ್ತೆ, ಒಂದು ತೋರಿಸ್ತೇನೆ. ಬೇಜಾರು ಮಾಡ್ಕೊಳ್ಬೇಡಿ.”

ಹದಿನಾಲ್ಕು ಸಿನಿಮಾಗಳಿಂದ ಹೆಕ್ಕಿ ಜೋಡಿಸಿದ ತುಂಡುಗಳು. ಕಥೆಯಿಲ್ಲ, ಊರಿಲ್ಲ, ಹೀರೋನೂ ಇಲ್ಲ. ಆಕೆಯ ಕಾಲು, ಗಂಡಸಿನ ಎದೆ, ಮತ್ತೆ ಆಕೆಯ ಕಾಲು, ಅದೂ ನಿಧಾನ ಮಾಡಿ. ಒಡೆದ ಹಿಮ್ಮಡಿಯ ಮೇಲೆ ಕ್ಯಾಮೆರಾ ನಿಂತೇಬಿಟ್ಟಿತ್ತು. ಕೆಳಗೆ ಗಂಡಸರು ಬರೆದದ್ದು ಸಾಲುಸಾಲಾಗಿ ಇತ್ತು. ‘ನನ್ನನ್ನೂ ಮೆಟ್ಟಿ ಮೇಡಂ.’ ‘ನಾನು ನಿಮ್ಮ ನಾಯಿ.’

“ಕೆಲವರಿಗೆ ಅದೇ ಒಂದು ಆಸೆ ಅತ್ತೆ. ಹೆಂಗಸು ಆಳಬೇಕು, ಅವರು ಕಾಲಡಿ ಇರಬೇಕು. ಅಂಥ ಕಥೆ, ಅಂಥ ವಿಡಿಯೋ ರಾಶಿರಾಶಿ ಉಂಟು.”

“ನಾನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಎಲ್ಲುಂಟು ಇದರಲ್ಲಿ?”

“ಅದೆಲ್ಲ ಸಿನಿಮಾದಲ್ಲೇ ಇರ್ಲಿಲ್ಲ ಅಲ್ವಾ ಅತ್ತೆ.”

ಸುಂದರಿಗೆ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಊರಿಗೆ ಆಕೆಯ ಬಾಯಿ ಬೇಕು, ಸಿನಿಮಾಕ್ಕೆ ಕೆನ್ನೆ ಬೇಕು, ಈಗ ಕಾಣದ ಗಂಡಸರಿಗೆ ಕಾಲು ಬೇಕಂತೆ. ಐವತ್ತಾರು ವರ್ಷದ ಈ ಇಡೀ ಹೆಂಗಸು ಯಾರಿಗೂ ಬೇಡ. ಒಂದೇ ಒಂದು ಸಿನಿಮಾದಲ್ಲಿ ಯಾರಿಗೂ ಬೈಯದ, ಮೆಲ್ಲಗೆ ಮಾತಾಡುವ ತಾಯಿಯಾಗಬೇಕು, ಆಮೇಲೆ ಬಣ್ಣ ಹಚ್ಚುವುದನ್ನೇ ಬಿಟ್ಟರಾಯಿತು ಎಂದು ಆಕೆ ಅಂದುಕೊಂಡಳು.

ದೀಪಾವಳಿ ಕಳೆದ ಮೇಲೆ ಮಣಿಪಾಲದ ಜಿತೇಂದ್ರ ಬಂದ. ವೆಬ್ ಸೀರೀಸ್ ಮಾಡುವ ತರುಣ, ಬಾಯಿ ಬಹಳ ಸಿಹಿ. ಹೊಸ ಸಿನಿಮಾದಲ್ಲಿ ನಾಯಕಿಗೊಬ್ಬಳು ತಾಯಿ ಇದ್ದಾಳೆ, ಮನಸ್ಸು ಕರಗುವಂಥ ಪಾತ್ರ ಎಂದ. “ಅದು ನಿಮಗೇ ಸುಂದರಕ್ಕ. ಅದಕ್ಕೆ ಮೊದಲು ಕಾಪುವಿನಲ್ಲಿ ಒಂದು ದಿನದ ಸಣ್ಣ ಶೂಟಿಂಗ್ ಉಂಟು. ಹಳೆಯ ಥರದ್ದೇ. ಅದೊಂದು ಮುಗಿಸಿಕೊಡಿ.” ತಾಯಿಯ ಪಾತ್ರ ಎಂದು ಕೇಳಿದ ಮೇಲೆ ಸುಂದರಿಗೆ ಉಳಿದದ್ದು ಕಿವಿಗೆ ಬೀಳಲಿಲ್ಲ.

ಕಾಪುವಿನ ಸಮುದ್ರದ ಹತ್ತಿರ ಬಾಡಿಗೆಗೆ ಹಿಡಿದ ಮನೆ, ಮಧ್ಯಾಹ್ನದ ಬಿಸಿಲು. ಜಿತೇಂದ್ರ, ಒಂದು ಕ್ಯಾಮೆರಾ, ಐವತ್ತು ದಾಟಿದ ಒಬ್ಬ ಮನುಷ್ಯ. ಘಟ್ಟದ ಮೇಲಿನವನು, ಕೈಯಲ್ಲಿ ಭಾರೀ ಗಡಿಯಾರ. “ಹೊಸ ಆರ್ಟಿಸ್ಟ್” ಎಂದ ಜಿತೇಂದ್ರ. ಹೊಸ ಆರ್ಟಿಸ್ಟು ತಾನಾಗಿಯೇ ಚಾಪೆಯ ಮೇಲೆ ಮಲಗಿದ. ಮಾತು ಬರೆದ ಹಾಳೆಯಿರಲಿಲ್ಲ. ಹೇಗೆ ಮಾಡಬೇಕೆಂದು ಹೇಳಿದವನೂ ಅವನೇ.

“ಕಾಲು ಸ್ವಲ್ಪ ಮೇಲೆ. ಹಾಗಲ್ಲ, ಹಿಮ್ಮಡಿ ಇಡಿ. ಇನ್ನೂ ಜೋರಾಗಿ ಬೈರಿ. ಗುಲಾಮ ಅನ್ನಿ.”

ಸುಂದರಿ ಹಾಗೇ ಮಾಡಿದಳು. ಮುಗಿದೊಡನೆ ಬಗ್ಗಿ ಅವನ ಭುಜಕ್ಕೆ ಕೈ ಚಾಚಿದಳು. ಅವನು ಥಟ್ಟನೆ ಸರಿದುಬಿಟ್ಟ.

“ಛೆ, ಅದೆಲ್ಲ ಮಾಡ್ಬೇಡಿ. ಎಲ್ಲ ಹಾಳಾಗುತ್ತೆ. ದುಡ್ಡು ಕೊಟ್ಟು ಇಷ್ಟು ದೂರ ಬಂದಿದ್ದು ಅದಕ್ಕಲ್ಲ.”

ಬಿಡಿ ಎನ್ನುತ್ತಿದ್ದರೂ ಮೇಷ್ಟ್ರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಕೈಯಿಂದ ಸರಿದಿರಲಿಲ್ಲ. ಇವನು ನಟನಲ್ಲ, ಇದು ಶೂಟಿಂಗೂ ಅಲ್ಲ ಎಂದು ಆಕೆಗೆ ಆಗ ಹೊಳೆಯಿತು. ಕೈ ಹಾಗೇ ನಿಂತಿರುವಾಗ ಅವನ ಫೋನು ಬಡಿದುಕೊಂಡಿತು. ಮಲಗಿದಲ್ಲೇ ಎತ್ತಿದ.

“ಯಾರನ್ನ ಕೇಳಿ ತವರುಮನೆಗೆ ಹೋದೆ? ನಾನು ಬರೋಷ್ಟರಲ್ಲಿ ಮನೇಲಿರಬೇಕು. ಬಾಯಿ ಮುಚ್ಚು, ಎದುರು ಮಾತಾಡಬೇಡ.” ಫೋನು ಬದಿಗಿಟ್ಟು, ಮತ್ತೆ ಅಂಗಾತ ಮಲಗಿ, ಸ್ವರ ಮೆದು ಮಾಡಿಕೊಂಡು, “ಹ್ಞಾಂ ಮೇಡಂ, ಮುಂದುವರಿಸಿ” ಎಂದ.

ಸುಂದರಿಗೆ ಮೈಯೆಲ್ಲ ಉರಿದುಹೋಯಿತು.

“ಏಳಯ್ಯ ಮೇಲೆ! ಅಲ್ಲಿ ಹೆಂಡತಿಗೂ ಹುಕುಂ, ಇಲ್ಲಿ ಮಲಗಿಕೊಂಡು ನನಗೂ ಹುಕುಂ. ನೀನು ಎಂತ ಗುಲಾಮ? ಕಾಲು ಇಡು ಎಂದರೆ ಇಡಬೇಕು, ತೆಗಿ ಎಂದರೆ ತೆಗೆಯಬೇಕು, ಹಾಗಾದರೆ ಆಳು ಯಾರು, ನಾನಾ ನೀನಾ? ಆ ಹೆಣ್ಣಿಗೆ ಎರಡು ಒಳ್ಳೆಯ ಮಾತು ಆಡಲಿಕ್ಕೆ ನಾಲಿಗೆ ಇಲ್ಲ ನಿನಗೆ. ನಾಚಿಕೆ ಉಂಟಾ?”

ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಬಸ್ಸು ಹತ್ತಿ ಕುಳಿತಳು. ತಾಯಿಯ ಪಾತ್ರ ಕೈತಪ್ಪಿತಲ್ಲ ಎಂದು ಬೇಜಾರಾಯಿತು. ಆದರೂ ಒಂದು ಸಮಾಧಾನವಿತ್ತು. ಯಾರೂ ಹೇಳಿಕೊಡದೆ, ತನ್ನದೇ ಸಿಟ್ಟಿನಲ್ಲಿ, ತನಗಾಗಿ ಬೈದದ್ದು ಎಷ್ಟೋ ವರ್ಷಗಳಲ್ಲಿ ಇದೇ ಮೊದಲು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಜಿತೇಂದ್ರನ ಫೋನು ಬಂತು. ಕ್ಷಮೆ ಕೇಳುತ್ತಾನೇನೋ ಎಂದುಕೊಂಡು ಎತ್ತಿದಳು.

“ಸುಂದರಕ್ಕ, ಸೂಪರ್! ಅವರಿಗೆ ಖುಷಿಯೋ ಖುಷಿ. ಕ್ಯಾಮೆರಾ ಆನ್ ಇತ್ತು, ಎಲ್ಲ ಸಿಕ್ಕಿದೆ. ಎದ್ದು ಹೋದದ್ದಂತೂ ಅವರಿಗೆ ಬಹಳ ಹಿಡಿಸಿತು. ಮುಂದಿನ ತಿಂಗಳು ಪುನಃ ಬರ್ತಾರಂತೆ, ಅದೇ ಥರ ಬೈಬೇಕಂತೆ.”

ಸುಂದರಿ ಮೆಟ್ಟಿಲ ಮೇಲೆ ಕುಳಿತಳು. ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಈಗ ಬೈದರೆ ಅದೂ ಅವರದ್ದೇ ಆಗುತ್ತದೆ. ತನ್ನದೆಂದು ಇದ್ದ ಒಂದು ಸಿಟ್ಟನ್ನೂ ಕಿತ್ತುಕೊಂಡರಲ್ಲ ಎಂದುಕೊಂಡಳು.

“ಅದನ್ನು ಅಳಿಸಿಬಿಡು ಮಗಾ” ಎಂದಳು ಮೆಲ್ಲಗೆ. “ಕೈಮುಗಿದು ಕೇಳ್ತೇನೆ. ನನ್ನಿಂದ ಇನ್ನು ಆಗುವುದಿಲ್ಲ.”

ಆ ಕಡೆ ಜಿತೇಂದ್ರ ನಕ್ಕುಬಿಟ್ಟ.

“ಎಂತ ಸುಂದರಕ್ಕ, ಇದು ಯಾರ ಸ್ವರ? ಈ ಮೆಲು ಮಾತು ನಿಮಗೆ ಹೊಂದುವುದೇ ಇಲ್ಲ ಮಾರಾಯ್ರೆ. ತಾಯಿಯ ಪಾತ್ರಕ್ಕೆ ನಾನು ಬೇರೆಯವರನ್ನು ನೋಡ್ತೇನೆ.”