ಕಾಲಿಗೆ ಹತ್ತದ ಮರಳು

ಕಣಿವೆ ಇಳಿದು ಮುಗಿಯುವಲ್ಲಿ ಒಂದಿಷ್ಟು ಮನೆಗಳು, ಅವುಗಳಾಚೆ ಮರಳು, ಸಮುದ್ರ. ರೋಣದಿಂದ ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಹೋದ ನನಗೆ ಅಲ್ಲಿ ಸಿಕ್ಕ ನಮ್ಮ ಕಡೆಯವಳು ಅವಳೊಬ್ಬಳೇ. ರೋಣದ ಹತ್ತಿರದ ಯಾವಗಲ್ ಊರಿನವಳು, ಗಂಡನ ಜೊತೆ ಗೋಡೆ ಕಟ್ಟುವ ಕೂಲಿಗೆ ಬಂದಿದ್ದಳು. ಸಂಜೆ ನನ್ನೊಡನೆ ದಂಡೆಗೆ ಬಂದರೆ, ಅಲೆಗೆ ಹೆದರಿ ದೂರದ ಒಣ ಮರಳಲ್ಲೇ ಕೂರುವಳು. ಒಂದು ಹಿಡಿ ಎತ್ತಿ, ಬೆರಳ ಸಂದಿಯಿಂದ ಸೋರಲು ಬಿಟ್ಟು, ದಿನವೂ ಅದೇ ಮಾತು: “ಇದು ಮಣ್ಣಲ್ರಿ ಅಕ್ಕೋರ. ಕಾಲಿಗೆ ಹತ್ತೂದಿಲ್ಲ.”

ಮಳೆ ಬಿದ್ದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಎರೆಮಣ್ಣಿನಲ್ಲಿ ಬೆಳೆದವಳು. ಕಾಲಿಗೆ ಅಂಟದ ನೆಲ ನೆಲವೇ ಅಲ್ಲ ಎಂಬುದು ಅವಳ ದೂರು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಸಜ್ಜೆರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು. ಹೊಲಕ್ಕೆ ಹೋಗಿ, ಅಡುಗೆಯ ತುತ್ತುಗಳನ್ನು ಚರಗವೆಂದು ಚೆಲ್ಲಿ ಭೂಮಿತಾಯಿಗೆ ಉಣಿಸುವ ದಿನ ಅದು.

“ಮಂದಿ ಗದ್ದ್ಯಾಗ ನಾ ಹ್ಯಾಂಗ ಚೆಲ್ಲಲಿರಿ? ಚೆಲ್ಲದಿದ್ರ ಆಕಿ ಉಪಾಸ ಇರ್ತಾಳ.”

“ನಡಿಯವಾ, ದಂಡಿ ಯಾರ್ದೂ ಅಲ್ಲ” ಎಂದೆ.

ಸೆರಗು ಹೊದ್ದು, ಎಡಕ್ಕೂ ಬಲಕ್ಕೂ ತುತ್ತು ಚೆಲ್ಲುತ್ತ ನಡೆದಳು. ಒಣ ಮರಳು ಮುಗಿಯಿತು, ಅವಳು ನಿಲ್ಲಲಿಲ್ಲ. ಕೊನೆಯ ತುತ್ತನ್ನು ಅಲೆಯ ಬಾಯಿಗೇ ಇಟ್ಟಳು. ಅದು ಎಳೆದುಕೊಂಡು ಹೋಯಿತು. ಮೊಣಕಾಲವರೆಗೆ ನೆನೆದು, ಕೈಮುಗಿದುಕೊಂಡೇ ನಿಂತಿದ್ದಳು.

ಮರಳಿ ಮನೆಗೆ ಬಂದಾಗ ಅವಳ ಪಾದ ತುಂಬ ಹಸಿ ಮರಳು ಮೆತ್ತಿತ್ತು. ತೊಳೆಯಲೆಂದು ತಂಬಿಗೆ ನೀರು ತಂದೆ. ಪಾದ ಹಿಂದಕ್ಕೆ ಎಳೆದುಕೊಂಡಳು.

“ಇರ್ಲಿ ಬಿಡ್ರಿ ಅಕ್ಕೋರ. ಈಗರ ಹತ್ತೇತಿ.”