ಸಂಡೂರಿನ ಹಾಡಿನ ಕೊನೆಯ ಸಾಲು

ಬೆಳಗಿನ ರೈಲಿನಿಂದ ಹೊಸಪೇಟೆಯಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬರುತ್ತಾರೆಂದು ನಾನೂ ಎಣಿಸಿರಲಿಲ್ಲ. ನಾಲ್ವರ ತಂತಿವಾದ್ಯ ತಂಡವೊಂದರಲ್ಲಿ ವಿಯೋಲಾ ನುಡಿಸುತ್ತಿದ್ದವರು ವಿದೇಶಕ್ಕೆ ಹೋಗಿದ್ದರು. ನಾಲ್ಕು ದಿನಗಳ ಮಟ್ಟಿಗೆ ಅವರ ಬದಲಿಗೆ ಮೈಸೂರಿನಿಂದ ಬಂದವಳು ನಾನು. ವಿಯೋಲಾ ಅಂದರೆ ಪಿಟೀಲಿನ ಅಕ್ಕ. ಮೈ ಸ್ವಲ್ಪ ದೊಡ್ಡದು, ದನಿ ತಗ್ಗು. ಮಕ್ಕಳಿಗೆ ಪಾಠ ಹೇಳುತ್ತ, ಕರೆದವರ ಪಕ್ಕದಲ್ಲಿ ಕೂತು ನುಡಿಸುತ್ತ ನನ್ನ ವಯಸ್ಸು ಐವತ್ತು ದಾಟಿದೆ.

ಜಗತ್ತಿನ ವೇದಿಕೆಗಳಲ್ಲಿ ಹೆಚ್ಚಾಗಿ ಕೇಳಿಬರದ ಜನಾಂಗಗಳ ರಚನೆಕಾರರ ಕೃತಿಗಳನ್ನು ಸಣ್ಣ ಊರುಗಳಲ್ಲಿ ನುಡಿಸುವುದು ಈ ಪ್ರವಾಸದ ಉದ್ದೇಶ. ಆಫ್ರಿಕಾ ಮೂಲದ ಅಮೆರಿಕನ್ ಒಬ್ಬರದು, ಫಿಲಿಪೀನ್ಸಿನ ಹೆಣ್ಣುಮಗಳೊಬ್ಬಳದು, ಕೊನೆಗೆ ನಮ್ಮ ನೆಲದ್ದೇ ಒಂದು ಲಂಬಾಣಿ ಹಾಡು. ಹಳೆಯ ಧ್ವನಿಮುದ್ರಣವೊಂದನ್ನು ಕೇಳಿ ಯಾರೋ ಅದನ್ನು ನಾಲ್ಕು ವಾದ್ಯಗಳಿಗೆ ಹೊಂದಿಸಿದ್ದರು. ನಮ್ಮ ಸ್ವರಲಿಪಿಯ ಹಾಳೆಯ ಮೇಲೆ ಹೀಗೆ ಅಚ್ಚಾಗಿತ್ತು: 'ಸಂಡೂರಿನ ಹಾಡು. ರಚಿಸಿದವರು ತಿಳಿಯದು.'

ಮೊದಲ ಕಚೇರಿ ಹೊಸಪೇಟೆಯಲ್ಲೇ. ಟಿ.ಬಿ. ಡ್ಯಾಂ ಕಡೆಯ ಅತಿಥಿಗೃಹದಲ್ಲಿ ವಾಸ. ತಂಡದ ಮುಖ್ಯಸ್ಥ ಜೋಸೆಫ್ ಮೊದಲ ಪಿಟೀಲು, ಅನಘಾ ಎರಡನೆಯದು, ಕೂತವರ ತಲೆಯೆತ್ತರಕ್ಕೆ ಬರುವ ತಂತಿವಾದ್ಯ ಚೆಲ್ಲೊ ನುಡಿಸುವವರು ವಿನ್ಸೆಂಟ್. ಹನ್ನೆರಡು ವರ್ಷ ಒಟ್ಟಿಗೆ ನುಡಿಸಿದವರು. ಊಟದ ಹೊತ್ತಿಗೆ ಒಬ್ಬರು ಅರ್ಧ ಮಾತು ಆಡಿದರೆ ಉಳಿದಿಬ್ಬರು ನಗುತ್ತಿದ್ದರು. ನಗು ನಿಂತ ಮೇಲೆ ಒಬ್ಬರು ನೆನಪು ಮಾಡಿಕೊಂಡು ನನ್ನ ಕಡೆ ತಿರುಗಿ ಅರ್ಥ ಬಿಡಿಸಿ ಹೇಳುವರು. ನಾನು ತಡವಾಗಿ ನಗುವೆನು. ಕಾರಿನಲ್ಲಿ ನಾಲ್ಕನೆಯ ಜಾಗ ಚೆಲ್ಲೊಗೆ ಬೇಕಿತ್ತು. ಹಾಗಾಗಿ ನಾನು ಬಸ್ಸು ಹಿಡಿಯಬೇಕಾಯಿತು.

ಎರಡನೆಯ ದಿನ ಸಂಡೂರು. ಬಸ್ ನಿಲ್ದಾಣದಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದೆ. ಬಸ್ಸಿನಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಕೂತಲ್ಲೇ ನಿದ್ದೆ ಹೋಗಿದ್ದರು. ಕಂಡಕ್ಟರ್ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆ ನೋಡಿ, "ಮ್ಯಾಲ ಇಡ್ರಿ ಅಕ್ಕಾರ, ಯಾರೂ ಒಯ್ಯಂಗಿಲ್ಲ" ಎಂದ. ನಾನು ಇಡಲಿಲ್ಲ. ಗುಡ್ಡಗಳು ಹತ್ತಿರವಾದಂತೆ ಅದಿರಿನ ಲಾರಿಗಳು ಸಾಲಾಗಿ ಎದುರಾದವು. ದಾರಿ ಬದಿಯ ಎಲೆಗಳಿಗೆಲ್ಲ ಕೆಂಪು ದೂಳು ಮೆತ್ತಿತ್ತು. ಸುಮಾರು ಒಂದು ಗಂಟೆಯ ದಾರಿ.

ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಕಚೇರಿ. ಲಂಬಾಣಿ ಹಾಡು ಒಂದು ಏರು ಸ್ವರದಲ್ಲಿ ತಟ್ಟನೆ ನಿಲ್ಲುತ್ತದೆ, ಕರೆದವರಿಗೆ ಉತ್ತರ ಬಾರದ ಹಾಗೆ. ಆ ನಿಲುಗಡೆ ಜೋಸೆಫ್‌ಗೆ ಬಹಳ ಪ್ರಿಯ. ಅವರು ಬಿಲ್ಲು ಎತ್ತಿ ಹಿಡಿದೇ ಇದ್ದರು. ಹಿಂದಿನ ಸಾಲಿನಲ್ಲಿ ಕನ್ನಡಿ ಕಸೂತಿಯ ರವಿಕೆ ತೊಟ್ಟ ಮುದುಕಿಯೊಬ್ಬಳು ಎದ್ದು ನಿಂತಳು.

"ಇನ್ನಾ ಮುಗಿದಿಲ್ರಿ. ಕೊನೀ ಸಾಲು ಬಿಟ್ಟೀರಿ. ಈ ಹಾಡು ನಂದೈತಿ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಜೋಸೆಫ್ ಕೈಮುಗಿದು, "ಇದು ನಿಮ್ಮೆಲ್ಲರದೂ, ತಾಯಿ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಹಾಳೆ ಜೋಡಿಸುತ್ತ ಕೂತೆ. ಮತ್ತೆ ನೋಡುವಷ್ಟರಲ್ಲಿ ಅವಳ ಕುರ್ಚಿ ಖಾಲಿಯಾಗಿತ್ತು.

ಕಾರು ಹೋದ ಮೇಲೆ ಬಸ್ ನಿಲ್ದಾಣಕ್ಕೆ ಬಂದರೆ ಅವಳು ಅಲ್ಲೇ ಕಲ್ಲುಬೆಂಚಿನ ಮೇಲೆ ತಾಂಡಾದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತು ಹೆಸರು ಕೇಳಿದೆ. ಸೋಮ್ಲಿಬಾಯಿ.

"ನನ್ನ ತಂಗೀನ ದೂರದ ತಾಂಡಾಕ್ಕ ಕೊಟ್ರು. ಎರಡು ವರ್ಷ ಬಂದ್ಲು, ಆಮ್ಯಾಲ ಬರೋದ ಬಿಟ್ಲು. ಯಾಕಂತ ಯಾರೂ ಹೇಳಲಿಲ್ಲ. ಅದಿರು ಆರಿಸಾಕ ಹೋಗ್ತಿದ್ನೆಲ್ರಿ, ಕಲ್ಲು ಆರಿಸ್ತಾ ಆರಿಸ್ತಾ ಕಟ್ಟಿದ್ದು ಇದು."

"ಧ್ವನಿಮುದ್ರಣದಲ್ಲಿ ಕೊನೆಯ ಸಾಲು ಯಾಕೆ ಇಲ್ಲ?"

"ಹಾಡು ತುಂಬಿಕೊಳ್ಳಾಕ ಬಂದವರು ಟೇಪು ಮುಗೀತು ಅಂದ್ರು, ಎದ್ದು ಹೋದ್ರು. ಹೆಸರೂ ಕೇಳಲಿಲ್ಲ."

ನಾನು ವಿಯೋಲಾ ತೆಗೆದೆ. ಅವಳು ಮೆಲ್ಲಗೆ ಹಾಡಿದಳು. ಆ ಏರು ಸ್ವರದ ಆಚೆ ಹಾಡು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಪಿಟೀಲಿಗೆ ಎಟುಕದ ತಗ್ಗಿಗೆ ಬಂದು ನಿಂತಿತು. 'ಇನ್ನು ಕರೆಯುವುದಿಲ್ಲ, ಎಲ್ಲಿದ್ದೀಯೋ ಅಲ್ಲೇ ತಣ್ಣಗಿರು' ಎಂಬ ಅರ್ಥವಂತೆ. ನಾನು ತಪ್ಪಿದಾಗಲೆಲ್ಲ ಮಂಡಿಗೆ ತಟ್ಟಿ, "ಜಲ್ದಿ ಬ್ಯಾಡ್ರಿ, ನಿಂತು ಇಳೀರಿ" ಅನ್ನುವಳು. ಅವಳೂ ಒಂದು ಬಸ್ಸು ಬಿಟ್ಟಳು, ನಾನೂ ಬಿಟ್ಟೆ. ಹೊರಡುವಾಗ ಅವಳು ಕೇಳಿದ್ದು ಇಷ್ಟೇ: "ಒಂದ್ಸಲ ನನ್ನ ಹೆಸರು ಹೇಳಿ ಕೊನೀತನ ನುಡಸ್ರಿ." ಆಗಲಿ ಎಂದೆ.

ಮೂರನೆಯ ದಿನ ಕಂಪ್ಲಿಗೆ ಹೊರಡುವ ಮುಂಚೆ ಜೋಸೆಫ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಸಮಾಧಾನದಿಂದ ಕೇಳಿದರು. "ಜನಪದ ಹಾಡನ್ನು ತನ್ನದೆನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಬಸ್ ಸ್ಟ್ಯಾಂಡಿನ ಮಾತು ನಂಬಿ ಕೃತಿ ಬದಲಿಸಲಾಗದು" ಎಂದರು. ನಾನು ಬದಲಿಯವಳೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕಂಪ್ಲಿಯ ದಾರಿಯುದ್ದಕ್ಕೂ ಕಾಲುವೆ, ನಾಟಿ ಮಾಡಿದ ಗದ್ದೆ, ಬೆಳ್ಳಕ್ಕಿ. ಪಕ್ಕದ ಸೀಟಿನಲ್ಲಿದ್ದ ಮೆಟ್ರಿ ಊರಿನ ಹೆಂಗಸು ಬಾಳೆಹಣ್ಣು ಕೊಟ್ಟಳು. ಅಕ್ಕಿ ಗಿರಣಿಯವರೊಬ್ಬರ ಮನೆಯ ಹಜಾರದಲ್ಲಿ ಕಚೇರಿ. ಹಾಡು ಅದೇ ಏರು ಸ್ವರದಲ್ಲಿ ನಿಂತಿತು. ನನ್ನ ಬಿಲ್ಲೂ ನಿಂತಿತು. ಉಪ್ಪಿಟ್ಟಿನ ತಟ್ಟೆ ಕೊಡುತ್ತ ಮನೆಯ ಯಜಮಾನರು ಕೇಳಿದರು, "ಭಾಳ ಚಲೋ ಆತ್ರಿ. ಆದ್ರ ಆ ಹಾಡು ನಡುವ ನಿಂತ್ಹಂಗ ಆತಲ್ಲ, ಯಾಕ್ರಿ?"

"ಅದು ಅಷ್ಟೇ ಇರೋದು" ಎಂದೆ. ತಟ್ಟೆಯನ್ನು ಪಕ್ಕಕ್ಕಿಟ್ಟು ವಿಯೋಲಾವನ್ನು ಪೆಟ್ಟಿಗೆಗೆ ಸೇರಿಸಿದೆ. ಮರಳುವ ಬಸ್ಸಿನಲ್ಲಿ ಜನ ತುಂಬಿದ್ದರು. ಅಷ್ಟು ಒಂಟಿಯಾಗಿ ನಾನು ಎಂದೂ ಪ್ರಯಾಣ ಮಾಡಿರಲಿಲ್ಲ.

ನಾಲ್ಕನೆಯ ದಿನ ಹಂಪಿ. ಬಿಸಿಲೇರುವ ಮುಂಚೆ ಒಂದು ಕಲ್ಲಿನ ಅಂಗಳದಲ್ಲಿ ಕೊನೆಯ ಕಚೇರಿ. ಲಂಬಾಣಿ ಹಾಡಿನ ಸರದಿ ಬಂದಾಗ ಎದ್ದು ನಿಂತೆ. "ಈ ಹಾಡು ಕಟ್ಟಿದವರು ಸಂಡೂರಿನ ಸೋಮ್ಲಿಬಾಯಿ. ಇದಕ್ಕೆ ಇನ್ನೊಂದು ಸಾಲಿದೆ" ಎಂದೆ. ಜೋಸೆಫ್ ನನ್ನತ್ತ ನೋಡಲಿಲ್ಲ. ಎಣಿಕೆ ಕೊಟ್ಟು ಆರಂಭಿಸಿದರು. ಏರು ಸ್ವರ ಬಂತು. ಮೂವರೂ ನಿಲ್ಲಿಸಿದರು. ನಾನೊಬ್ಬಳೇ ಮುಂದುವರಿದೆ, ನಿಂತು ನಿಂತು ಇಳಿದೆ. ಅರ್ಧ ದಾರಿಯಲ್ಲಿ ವಿನ್ಸೆಂಟ್ ಚೆಲ್ಲೊದ ತಗ್ಗು ತಂತಿಯೊಂದನ್ನು ಮೆಲ್ಲಗೆ ಹಿಡಿದರು.

ವಾದ್ಯ ಕಟ್ಟಿಡುವಾಗ ಜೋಸೆಫ್ ಸೌಜನ್ಯದಿಂದಲೇ ಹೇಳಿದರು: ಮುಂದೆ ಬದಲಿ ಬೇಕಾದಾಗ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಸರಿ ಎಂದೆ. ವಿನ್ಸೆಂಟ್ ಮಾತ್ರ ಪೆನ್ಸಿಲ್ ಹಿಡಿದು ಹತ್ತಿರ ಬಂದು, "ಆ ಇಳಿಕೆ ಇನ್ನೊಮ್ಮೆ ಹೇಳಿ" ಎಂದು ತಮ್ಮ ಹಾಳೆಯಲ್ಲಿ ಬರೆದುಕೊಂಡರು. 'ತಿಳಿಯದು' ಎಂಬುದನ್ನು ಹೊಡೆದುಹಾಕಿ, ಅವಳ ಹೆಸರನ್ನು ಎರಡು ಸಲ ಕೇಳಿ ಬರೆದರು.

ರೈಲಿಗೆ ಇನ್ನೂ ಸಮಯವಿತ್ತು. ಮಧ್ಯಾಹ್ನ ಸಂಡೂರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ತಾಂಡಾ ಸೇರಿದೆ. ಸೋಮ್ಲಿಬಾಯಿ ಮನೆಯ ಮುಂದೆ ಬಟ್ಟೆ ಹರಡಿಕೊಂಡು ಕನ್ನಡಿ ಹೊಲಿಯುತ್ತಿದ್ದಳು.

"ಹೇಳಿದೆ. ಕೊನೆಯವರೆಗೂ ನುಡಿಸಿದೆ" ಎಂದೆ.

"ಜನ ಏನಂದ್ರು?"

"ಏನೂ ಅನ್ನಲಿಲ್ಲ. ಸುಮ್ಮನೆ ಕೂತಿದ್ದರು."

"ಹಂಗಾರ ಕೇಳ್ಯಾರ" ಎಂದಳು. ತಂಡ ಇನ್ನು ನನ್ನನ್ನು ಕರೆಯದೆಂಬುದನ್ನು ನಾನು ಹೇಳಲಿಲ್ಲ. ಅವಳು ನೀರು ಕೊಟ್ಟಳು, "ಕುಂದ್ರಿ" ಎಂದಳು. ಆಟೋದವನು ಕಾಯುತ್ತಿದ್ದ. ತಂಗಿಯ ಹೆಸರೇನೆಂದು ಕೇಳಿದೆ. ಸೂಜಿ ಹಿಡಿದ ಕೈ ನಿಂತಿತು.

"ಅದನ್ನ ಹಾಡಿನ್ಯಾಗೂ ಇಟ್ಟಿಲ್ರಿ. ಅದು ನನಗ ಇರ್ಲಿ."

ಆಟೋ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಅವಳು ನನ್ನತ್ತ ನೋಡುತ್ತಿರಲಿಲ್ಲ. ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು, ತುಟಿಗಳು ಮಾತ್ರ ಅಲುಗುತ್ತಿದ್ದವು.